ಗೆದ್ದರೆ ಮಾತ್ರ ಫೀಸು: ಒಂದು ನಿಷೇಧ ಬೆಳೆದ ಬಗೆ

ಕೇಸು ಗೆದ್ದರೆ ಬಂದ ಹಣದಲ್ಲಿ ವಕೀಲರಿಗೆ ಪಾಲು, ಸೋತರೆ ಫೀಸೇ ಇಲ್ಲ ಎಂಬ ಕರಾರಿಗೆ ಭಾರತದ ವಕೀಲಿ ವೃತ್ತಿಯಲ್ಲಿ ಜಾಗವಿಲ್ಲ. ಅಮೆರಿಕದಲ್ಲಿ ಅಪಘಾತ ಪರಿಹಾರದ ಮೂರನೇ ಒಂದು ಭಾಗ ಹೀಗೆ ವಕೀಲರಿಗೆ ಸಲ್ಲುವುದು ಸಾಮಾನ್ಯ. ಇಲ್ಲಿ ಅದು ವೃತ್ತಿ ದುರ್ನಡತೆ.

ಈ ನಿಷೇಧದ ಬೇರು ಇಂಗ್ಲೆಂಡಿನದು. ಪರರ ವ್ಯಾಜ್ಯಕ್ಕೆ ಹಣ ಹಾಕಿ ಗೆಲುವಿನಲ್ಲಿ ಪಾಲು ಪಡೆಯುವುದನ್ನು ಅಲ್ಲಿ ಮಧ್ಯಯುಗದಿಂದಲೇ ತಡೆದಿದ್ದರು. ಬಲಾಢ್ಯರು ಕೋರ್ಟನ್ನು ಕಿರುಕುಳದ ದಾರಿ ಮಾಡಿಕೊಂಡಾರೆಂಬ ಭಯವಿತ್ತು. ಆ ಕಾನೂನು ಭಾರತಕ್ಕೆ ಹಾಗೆಯೇ ಅನ್ವಯಿಸದೆಂದು 1876ರಲ್ಲಿ, ಆಗಿನ ಅಂತಿಮ ಮೇಲ್ಮನವಿ ಪೀಠವಾದ ಪ್ರಿವಿ ಕೌನ್ಸಿಲ್ ಹೇಳಿತು. ನ್ಯಾಯವಾದ ಷರತ್ತಿನ ಮೇಲೆ ದಾವೆದಾರನಿಗೆ ಹಣ ಒದಗಿಸಬಹುದು, ಸುಲಿಗೆಯ ಕರಾರು ಮಾತ್ರ ಸಲ್ಲದು ಎಂಬುದು ಅದರ ನಿಲುವು. ವಕೀಲರಿಗೆ ಈ ಸಡಿಲಿಕೆ ದಕ್ಕಲಿಲ್ಲ. ತೀರ್ಪಿನಲ್ಲಿ ‘ಜಿ’ ಎಂದಷ್ಟೇ ಕರೆಯಲಾದ ವಕೀಲರೊಬ್ಬರ ಪ್ರಕರಣದಲ್ಲಿ 1954ರಲ್ಲಿ ಸುಪ್ರೀಂ ಕೋರ್ಟ್, ಇದೇ ಕರಾರನ್ನು ಬೇರೆಯವರು ಮಾಡಿಕೊಂಡಿದ್ದರೆ ಕಾನೂನಿನ ಆಕ್ಷೇಪವಿರುತ್ತಿರಲಿಲ್ಲ, ವಕೀಲರು ಮಾಡುವಂತಿಲ್ಲ ಎಂದಿತು. 1961ರ ವಕೀಲರ ಕಾಯ್ದೆಯಡಿ ಭಾರತೀಯ ವಕೀಲರ ಪರಿಷತ್ತು ರೂಪಿಸಿದ ನಡತೆ ನಿಯಮಗಳಲ್ಲಿ 20ನೆಯದು ಇದನ್ನೇ ಬರೆದಿಟ್ಟಿತು. 2017ರಲ್ಲಿ, ಬಿ. ಸುನೀತಾ ಪ್ರಕರಣದಲ್ಲಿ, ಅಪಘಾತ ಪರಿಹಾರದ ಶೇಕಡಾವಾರು ಲೆಕ್ಕದ ಫೀಸಿಗಾಗಿ ಹೂಡಿದ್ದ ಚೆಕ್ ಬೌನ್ಸ್ ಕೇಸನ್ನೇ ಸುಪ್ರೀಂ ಕೋರ್ಟ್ ರದ್ದುಪಡಿಸಿತು.

ತರ್ಕ ಗಟ್ಟಿಯಾಗಿದೆ. ವಕೀಲರು ಕಕ್ಷಿದಾರರ ಪರ ನಿಂತರೂ ನ್ಯಾಯಾಲಯಕ್ಕೂ ಬದ್ಧರು. ಹಣದಲ್ಲಿ ಸ್ವಂತ ಪಾಲಿದ್ದರೆ ರಾಜಿಯ ಸಲಹೆ ಯಾರ ಹಿತಕ್ಕೆ ಎಂಬ ಅನುಮಾನ ಉಳಿಯುತ್ತದೆ. ಆದರೆ ಇಂಗ್ಲೆಂಡೇ ದಾರಿ ಬದಲಿಸಿತು. ಅಲ್ಲಿ 1967ರಲ್ಲಿ ಹಳೆಯ ಅಪರಾಧ ರದ್ದಾಯಿತು, 1990ರ ಕಾಯ್ದೆ ಗೆದ್ದರೆ ಮಾತ್ರ ಫೀಸಿನ ಕರಾರಿಗೆ ಬಾಗಿಲು ತೆರೆಯಿತು, 1995ರಿಂದ ಅದು ಬಳಕೆಗೆ ಬಂತು.

ಹಾಗಾದರೆ ನಿಷೇಧ ಉಳಿದಿರುವ ಭಾರತದಲ್ಲಿ ಕೈಯಲ್ಲಿ ಕಾಸಿಲ್ಲದವರ ಗತಿಯೇನು? ಹನೂರಿನಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ಹೋಗುವ ರಸ್ತೆಯಲ್ಲಿರುವ ಕೌದಳ್ಳಿಯಂಥ ಊರಿನಲ್ಲಿ, ದುಡಿಯುವ ಒಬ್ಬರು ಅಪಘಾತಕ್ಕೆ ಸಿಕ್ಕಿದರೆ ಮನೆಯ ಆದಾಯವೇ ನಿಲ್ಲುತ್ತದೆ. ಫೀಸು ಹೊಂದಿಸುವುದು ಆಮೇಲಿನ ಮಾತು. ಅಪಘಾತವಾದ ಆರು ತಿಂಗಳೊಳಗೆ ಪರಿಹಾರದ ಅರ್ಜಿ ಹಾಕಬೇಕೆಂಬ ಮಿತಿ 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ಮೇಲಂತೂ ಕಾಯಲು ಪುರುಸೊತ್ತಿಲ್ಲ.

ಪಾಲಿನ ಕರಾರಿಗೆ ಬದಲಾಗಿ ಭಾರತ ಆರಿಸಿಕೊಂಡದ್ದು ಉಚಿತ ನೆರವನ್ನು. 1976ರಲ್ಲಿ ಸಂವಿಧಾನಕ್ಕೆ 39ಎ ವಿಧಿ ಸೇರಿತು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ 1995ರ ನವೆಂಬರ್ 9ರಂದು ಜಾರಿಯಾಯಿತು. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕಾರ್ಖಾನೆ ಕಾರ್ಮಿಕರು ಮೊದಲಾದವರಿಗೆ ಆದಾಯದ ಮಿತಿಯಿಲ್ಲದೆ ವಕೀಲರ ನೆರವು ಸಿಗುತ್ತದೆ. ಬಿಳಿಗಿರಿರಂಗನ ಬೆಟ್ಟ, ಮಲೆ ಮಹದೇಶ್ವರ ಬೆಟ್ಟಗಳ ಸೋಲಿಗರೂ ಪರಿಶಿಷ್ಟ ಪಂಗಡದವರೆಂಬ ಕಾರಣಕ್ಕೆ ಇದರಲ್ಲಿ ಬರುತ್ತಾರೆ. ಉಳಿದವರಿಗೆ ಸರ್ಕಾರ ಗೊತ್ತುಪಡಿಸಿದ ಆದಾಯ ಮಿತಿ ಅನ್ವಯಿಸುತ್ತದೆ. ಕೋರ್ಟ್ ಶುಲ್ಕ, ವಕೀಲರ ಫೀಸು ಎರಡನ್ನೂ ಪ್ರಾಧಿಕಾರವೇ ಭರಿಸುತ್ತದೆ. ನೇಮಕವಾದ ವಕೀಲರು ಕೇಸು ಗೆದ್ದರೂ ಕಕ್ಷಿದಾರರಿಂದ ಬಿಡಿಗಾಸು ಪಡೆಯುವಂತಿಲ್ಲ. ಕೌದಳ್ಳಿಯ ಕಡೆಯವರು ಅರ್ಜಿಯನ್ನು ಕೊಳ್ಳೇಗಾಲದ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಕೊಡಬಹುದು. 15100 ಸಹಾಯವಾಣಿಯೂ ಇದೆ.