ರಕ್ತ ಕೊಟ್ಟ ಮೇಲೂ ಐದನೇ ದಿನ ಜ್ವರ ಯಾಕೆ ಬಂತು?

ಪುಣೆಯಲ್ಲಿ ನಮ್ಮ ಭಾವನಿಗೆ ಬೈಕ್ ಅಪಘಾತ ಆಗಿ, ತೊಡೆಯ ಮೂಳೆ ಮುರಿದು, ಬಹಳ ರಕ್ತ ಹೋಗಿತ್ತು. ಆಪರೇಷನ್ ಆಯ್ತು, ರಕ್ತ ಕೊಟ್ಟರು, ಬಿಪಿ ಸರಿಹೋಯ್ತು. ಗಂಡಾಂತರ ಕಳೀತು ಅಂದುಕೊಂಡೆವು. ಐದನೇ ದಿನ ಜ್ವರ ಬಂತು, ನ್ಯುಮೋನಿಯಾ ಅಂದರು. ಅಕ್ಕ ಕೇಳಿದಳು: "ಹೋದ ರಕ್ತ ವಾಪಸ್ ಕೊಟ್ಟಾಯ್ತಲ್ಲೋ, ಮತ್ಯಾಕೆ ಸೋಂಕು?"

ರಕ್ತದ ಜೊತೆ ಬಿಳಿ ರಕ್ತಕಣಗಳೂ ಹರಿದುಹೋದವು, ಅದಕ್ಕೇ ಹೀಗಾಯ್ತು ಅಂತ ಅನ್ನಿಸೋದು ಸಹಜ. ಆದರೆ ಲಿಂಫೋಸೈಟ್‌ಗಳಲ್ಲಿ ರಕ್ತದಲ್ಲಿ ಓಡಾಡೋದು ನೂರಕ್ಕೆ ಸುಮಾರು ಎರಡು ಮಾತ್ರ. ಉಳಿದವು ಗುಲ್ಮ, ದುಗ್ಧಗ್ರಂಥಿ, ಕರುಳು, ಮೂಳೆಮಜ್ಜೆಯಲ್ಲಿ ಇರುತ್ತವೆ. ಇನ್ನು ನ್ಯೂಟ್ರೋಫಿಲ್‌ಗಳನ್ನು ಮಜ್ಜೆ ದಿನಕ್ಕೆ ಸುಮಾರು 10 ಸಾವಿರ ಕೋಟಿ ತಯಾರಿಸುತ್ತೆ. ಹಾಗಾಗಿ ಮುಖ್ಯ ತೊಂದರೆ ಕಣಗಳ ಸಂಖ್ಯೆಯದ್ದಲ್ಲ, ನಡವಳಿಕೆಯದ್ದು.

70 ಕೆಜಿ ತೂಕದವರಲ್ಲಿ ಸುಮಾರು 5 ಲೀಟರ್ ರಕ್ತ ಇರುತ್ತೆ. ಒಂದೂವರೆ ಲೀಟರ್‌ಗಿಂತ ಹೆಚ್ಚು ಹೋದರೆ ಬಿಪಿ ಕುಸಿಯುತ್ತೆ. ಆಗ ದೇಹ ಇರುವ ರಕ್ತವನ್ನು ಹೃದಯಕ್ಕೆ, ಮೆದುಳಿಗೆ ಉಳಿಸಿ, ಕರುಳು, ಚರ್ಮ, ಮೂತ್ರಪಿಂಡಕ್ಕೆ ಕಡಿಮೆ ಮಾಡುತ್ತೆ. ಆಮ್ಲಜನಕ ಸಿಗದ, ಪೆಟ್ಟು ತಿಂದ ಜೀವಕೋಶಗಳು ಒಡೆದಾಗ ಒಳಗಿನ ಮೈಟೋಕಾಂಡ್ರಿಯಾದ ಚೂರುಗಳು ರಕ್ತಕ್ಕೆ ಸೇರುತ್ತವೆ. ಮೈಟೋಕಾಂಡ್ರಿಯಾದ ಪೂರ್ವಜರು ಬ್ಯಾಕ್ಟೀರಿಯಾಗಳು, ಆ ಗುರುತು ಇನ್ನೂ ಅಳಿಸಿಲ್ಲ. 2010ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂದ ಸಂಶೋಧನೆ ಇದನ್ನೇ ತೋರಿಸಿತು: ಈ ಚೂರುಗಳನ್ನು ಕಂಡ ನ್ಯೂಟ್ರೋಫಿಲ್‌ಗಳು ಬ್ಯಾಕ್ಟೀರಿಯಾ ನುಗ್ಗಿದಂತೆ ಕೆರಳುತ್ತವೆ. ಶ್ವಾಸಕೋಶದ ಸಣ್ಣ ನಾಳಗಳಲ್ಲಿ ಸಿಕ್ಕಿಕೊಂಡು ನಮ್ಮದೇ ಅಂಗಾಂಶವನ್ನು ಸುಡುತ್ತವೆ.

ಅದೇ ಹೊತ್ತಿಗೆ ದೇಹ ಬ್ರೇಕ್ ಕೂಡ ಹಾಕುತ್ತೆ. ಕಾರ್ಟಿಸಾಲ್, ಅಡ್ರಿನಲಿನ್, ಐಎಲ್-10 ಏರುತ್ತವೆ. ಮೋನೋಸೈಟ್ ಕಣ ರೋಗಾಣುವಿನ ತುಣುಕನ್ನು ಎತ್ತಿ ತೋರಿಸಲು ಎಚ್‌ಎಲ್‌ಎ-ಡಿಆರ್ ಅನ್ನೋ ಪ್ರೋಟೀನ್ ಬೇಕು. ಅದು ಮೇಲ್ಮೈಯಲ್ಲಿ ಕಡಿಮೆಯಾಗುತ್ತೆ. ಟಿ-ಕಣಗಳಿಗೆ ಸರಿಯಾಗಿ ಸುದ್ದಿ ಮುಟ್ಟಲ್ಲ, ಅವು ಬೇಕಾದಷ್ಟು ಹೆಚ್ಚಲ್ಲ. ಅಂದರೆ ಒಂದು ಪಡೆ ಸುಮ್ಮಸುಮ್ಮನೆ ಗುಂಡು ಹಾರಿಸ್ತಿದೆ, ಇನ್ನೊಂದು ತೂಕಡಿಸ್ತಿದೆ. ಜೊತೆಗೆ ಗಾಯ, ವೆಂಟಿಲೇಟರ್, ಮೂತ್ರದ ನಳಿಕೆ, ಅಂದರೆ ರೋಗಾಣುವಿಗೆ ತೆರೆದ ಬಾಗಿಲುಗಳು.

ಅಕ್ಕನಿಗೆ ನಾನು ಹೇಳಿದ್ದು ಇಷ್ಟೆ: ಕೊಟ್ಟ ರಕ್ತ ಆಮ್ಲಜನಕ ಹೊತ್ತು ಜೀವ ಉಳಿಸುತ್ತೆ, ಆದರೆ ಗೊಂದಲಕ್ಕೆ ಬಿದ್ದ ಕಣಗಳು ಸರಿದಾರಿಗೆ ಬರೋಕೆ ದಿನಗಳು ಬೇಕು.

ಆದ್ದರಿಂದ ರಕ್ತ ನಿಲ್ಲಿಸೋದರಲ್ಲಿ ತಡ ಬೇಡ. ಶುದ್ಧ ಬಟ್ಟೆಯಿಂದ ಗಾಯವನ್ನು ಗಟ್ಟಿಯಾಗಿ ಒತ್ತಿ ಹಿಡಿದು 108 ಅಥವಾ 112ಕ್ಕೆ ಕರೆ ಮಾಡಿ. ಟ್ರಾನೆಕ್ಸಾಮಿಕ್ ಆಸಿಡ್ ಔಷಧಿಯೂ ಗಾಯವಾದ ಮೂರು ಗಂಟೆಯೊಳಗೆ ಕೊಟ್ಟರೇನೇ ಲಾಭ. ರೋಗಿಯನ್ನು ನೋಡೋಕೆ ಗುಂಪಾಗಿ ಹೋಗಬೇಡಿ, ಕೈ ತೊಳೆದೇ ಮುಟ್ಟಿ. ಮನೆಗೆ ಬಂದ ಮೇಲೆ ಜ್ವರ, ಏದುಸಿರು ಕಂಡರೆ ಅದೇ ದಿನ ಡಾಕ್ಟರಿಗೆ ತಿಳಿಸಿ.

ಇನ್ನೊಂದು ಮಾತು. ಭಾವನಿಗಾಗಿ ರಕ್ತ ಕೇಳಿದಾಗ ಕೆಲವರು "ರೋಗನಿರೋಧಕ ಶಕ್ತಿ ಕುಂದುತ್ತೆ" ಅಂತ ಹಿಂಜರಿದರು. ದಾನಿಯಿಂದ ತೆಗೆಯೋದು 350 ಅಥವಾ 450 ಮಿಲೀ ಮಾತ್ರ. ಆರೋಗ್ಯವಂತರಲ್ಲಿ ಅಷ್ಟಕ್ಕೆ ಮೇಲೆ ಹೇಳಿದ ಯಾವ ಗೊಂದಲವೂ ಆಗಲ್ಲ. ಭಾವ ಮೂರು ವಾರದ ಮೇಲೆ ಮನೆಗೆ ಬಂದರು. ಅವರಿಗೆ ರಕ್ತ ಕೊಟ್ಟವರೆಲ್ಲ ಮರುದಿನವೇ ಕೆಲಸಕ್ಕೆ ಹೋಗಿದ್ದರು.