ಉಡುಪಿಯ ಹೋಟೆಲು, ಅಂಗಡಿಗಳಲ್ಲಿ ಜೈನ ಆಹಾರ ನಿಯಮ: ಏನು ಕೇಳಬೇಕು, ಹೇಗೆ ಕೇಳಬೇಕು

ಕಾರ್ಕಳದ ಬಾಹುಬಲಿ, ಮೂಡುಬಿದಿರೆಯ ಸಾವಿರ ಕಂಬದ ಬಸದಿ, ವರಂಗದ ಕೆರೆ ಬಸದಿ ಇವುಗಳ ದರ್ಶನಕ್ಕೆಂದು ದೂರದ ಜಿಲ್ಲೆಗಳಿಂದ ಹೊರಡುವ ಹಲವು ಕುಟುಂಬಗಳು ಉಡುಪಿಯಲ್ಲಿ ಉಳಿದುಕೊಳ್ಳುತ್ತವೆ. ಕೊಂಕಣ ರೈಲಿನ ನಿಲ್ದಾಣ ಇಂದ್ರಾಳಿಯಲ್ಲಿದೆ, ವಸತಿಗೃಹಗಳು ಬೇಕಾದಷ್ಟಿವೆ, ಕಾರ್ಕಳಕ್ಕೆ ಬಸ್ಸಿನಲ್ಲಿ ಒಂದು ಗಂಟೆಯ ಆಸುಪಾಸಿನ ದಾರಿ. ಇದಕ್ಕಿಂತ ಮುಖ್ಯವಾದ ಕಾರಣ ಇನ್ನೊಂದಿದೆ. "ಉಡುಪಿ ಅಂದ ಮೇಲೆ ಊಟದ ಚಿಂತೆ ಇಲ್ಲ" ಎಂಬ ನಂಬಿಕೆ.

ಈ ನಂಬಿಕೆ ಅರ್ಧ ನಿಜ. ಶ್ರೀಕೃಷ್ಣ ಮಠದ ಸುತ್ತ ಬೆಳೆದ ಅಡುಗೆಯಲ್ಲಿ ಈರುಳ್ಳಿ, ಬೆಳ್ಳುಳ್ಳಿ ಇಲ್ಲ. ಆದರೆ ಈರುಳ್ಳಿ ಬೆಳ್ಳುಳ್ಳಿ ಬಿಟ್ಟ ಮಾತ್ರಕ್ಕೆ ಅದು ಜೈನ ಆಹಾರ ಆಗುವುದಿಲ್ಲ. ಕಂದಮೂಲ, ಬಹುಬೀಜ, ದ್ವಿದಳ, ರಾತ್ರಿ ಭೋಜನ ತ್ಯಾಗ, ಸೋಸಿದ ನೀರು, ಆಹಾರದ ಮರ್ಯಾದೆ ಇವೆಲ್ಲ ಬೇರೆಬೇರೆ ಪ್ರಶ್ನೆಗಳು. ಇವುಗಳನ್ನು ಕೇಳದೆ ತಟ್ಟೆಯ ಮುಂದೆ ಕುಳಿತರೆ ತಿಳಿಯದೆಯೇ ನಿಯಮ ಮುರಿಯುತ್ತದೆ. ಇಲ್ಲವೇ ವ್ರತ ಹಿಡಿದ ಮನೆಯ ಹಿರಿಯರು ಮೂರು ದಿನ ಬಾಳೆಹಣ್ಣು, ಎಳನೀರಿನಲ್ಲೇ ಯಾತ್ರೆ ಮುಗಿಸುತ್ತಾರೆ. ಎರಡನೆಯದು ಹೆಚ್ಚು ನಡೆಯುವಂಥದ್ದು. "ಅಜ್ಜಿಗೆ ಹೊರಗಿನದು ಆಗಿಬರುವುದಿಲ್ಲ" ಎಂದು ಮನೆಯವರೂ ಸುಮ್ಮನಾಗುತ್ತಾರೆ. ಉಡುಪಿಯಂಥ ಊರಿನಲ್ಲಿ ಹಾಗಾಗಬೇಕಾಗಿಲ್ಲ.

ಒಂದೇ ಶಬ್ದ, ಎರಡು ಅರ್ಥ

ಉಡುಪಿಯ ಅಡುಗೆಯವರಿಗೆ ಆಹಾರದ ವ್ರತಗಳು ಹೊಸದಲ್ಲ. ಮಾಧ್ವ ಪರಂಪರೆಯ ಚಾತುರ್ಮಾಸ್ಯದಲ್ಲಿ ತಿಂಗಳಿಗೊಂದು ವ್ರತ. ಮೊದಲು ತರಕಾರಿ ಬಿಡುವ ಶಾಕ ವ್ರತ, ನಂತರ ಮೊಸರು ಬಿಡುವ ದಧಿ ವ್ರತ, ಆಮೇಲೆ ಹಾಲು ಬಿಡುವ ಕ್ಷೀರ ವ್ರತ, ಕೊನೆಗೆ ದ್ವಿದಳ ವ್ರತ. ಕೊನೆಯ ತಿಂಗಳಲ್ಲಿ ಬೇಳೆಕಾಳುಗಳ ಜೊತೆಗೆ ಬಹುಬೀಜದ ಕಾಯಿಗಳನ್ನೂ ಬಿಡುತ್ತಾರೆ. ಜೈನ ಶ್ರಾವಕರಿಗೆ ಈ ಎರಡೂ ಶಬ್ದಗಳು ಪರಿಚಿತ. ಗೊಂದಲ ಹುಟ್ಟುವುದೂ ಇಲ್ಲಿಯೇ.

ಮಠದ ಪದ್ಧತಿಯಲ್ಲಿ ದ್ವಿದಳ ಎಂದರೆ ಎರಡು ಹೋಳಾಗುವ ಕಾಳು, ಅದನ್ನು ಬಿಡುವುದು ಒಂದು ತಿಂಗಳು. ಜೈನರಲ್ಲಿ ಬೇಳೆಗೆ ನಿಷೇಧವಿಲ್ಲ. ಬೇಳೆಯ ಜೊತೆ ಹಸಿ ಹಾಲು, ಮೊಸರು, ಮಜ್ಜಿಗೆ ಸೇರಿದಾಗ ಅದು ದ್ವಿದಳ ದೋಷ, ಅದು ವರ್ಷವಿಡೀ ಪಾಲಿಸುವ ನಿಯಮ. ಹಾಲು ಮೊಸರನ್ನು ಕಾಯಿಸಿದರೆ ಸರಿಯೇ ಎಂಬುದರಲ್ಲಿ ಮನೆಮನೆಗೂ ಪದ್ಧತಿ ಬೇರೆ. ಆದ್ದರಿಂದ ಉಡುಪಿಯ ಹೋಟೆಲಿನಲ್ಲಿ "ದ್ವಿದಳ ಬೇಡ" ಎಂದರೆ ಅಡುಗೆಯವರು ಬೇಳೆಯ ಸಾರನ್ನೇ ಹಿಂದಕ್ಕೆ ಒಯ್ಯಬಹುದು, ಕಡಲೆಬೇಳೆ ರುಬ್ಬಿ ಹಾಕಿದ ಮಜ್ಜಿಗೆ ಹುಳಿಯನ್ನು ತಟ್ಟೆಯಲ್ಲೇ ಬಿಡಬಹುದು. ಶಾಸ್ತ್ರದ ಹೆಸರು ಬಿಟ್ಟು ಪದಾರ್ಥದ ಹೆಸರು ಹೇಳುವುದೇ ವಾಸಿ: "ಮೊಸರು ಬೇಳೆ ಎರಡೂ ಸೇರಿದ್ದು ಬೇಡ."

ಮೊಸರು ವಡೆ ಎಲ್ಲರಿಗೂ ನೆನಪಿರುತ್ತದೆ. ಮರೆಯುವುದು ಒಗ್ಗರಣೆಯನ್ನು. ಮೊಸರನ್ನಕ್ಕೂ ತಂಬುಳಿಗೂ ಬೀಳುವ ಒಗ್ಗರಣೆಯಲ್ಲಿ ಉದ್ದಿನಬೇಳೆ ಇರುತ್ತದೆ. "ಬರೀ ಸಾಸಿವೆ ಒಗ್ಗರಣೆ ಸಾಕು" ಎಂದರೆ ಕೆಲಸ ಮುಗಿಯಿತು. ಗೋಳಿಬಜೆಯ ಹಿಟ್ಟಿಗೆ ಹುಳಿ ಮೊಸರು ಬೇಕು, ಕೆಲವರು ಅದಕ್ಕೆ ಕಡಲೆಹಿಟ್ಟನ್ನೂ ಸೇರಿಸುತ್ತಾರೆ, ಹಸಿಶುಂಠಿ ಹೇಗೂ ಇರುತ್ತದೆ. ಅದನ್ನು ಕೇಳಿಯೇ ತಿನ್ನಬೇಕು.

ಬಹುಬೀಜದ ಮಾತು ಬಂದಾಗ ಮಟ್ಟುಗುಳ್ಳವನ್ನು ಬಿಡುವಂತಿಲ್ಲ. ಉಡುಪಿ ಬಳಿಯ ಮಟ್ಟು ಗ್ರಾಮದ ಈ ಹಸಿರು ಬದನೆ 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದದ್ದು. ಸೋದೆ ಮಠದ ವಾದಿರಾಜರು ಬೀಜ ಕೊಟ್ಟರೆಂಬ ಐತಿಹ್ಯವೂ ಇದಕ್ಕಿದೆ. ಇಲ್ಲಿಯವರು ಅತಿಥಿಗೆ ಪ್ರೀತಿಯಿಂದ ಬಡಿಸುವುದೇ ಇದರ ಹುಳಿಯನ್ನು. ಆದರೆ ಬದನೆ ಇಪ್ಪತ್ತೆರಡು ಅಭಕ್ಷ್ಯಗಳಲ್ಲಿ ಒಂದು. ಬದನೆ ಬಿಟ್ಟವರು ಎಲೆ ಹಾಕುವ ಮೊದಲೇ ಹೇಳಿಬಿಟ್ಟರೆ ಬಡಿಸುವವರಿಗೂ ಬೇಸರವಾಗದು.

ಬೆಳಿಗ್ಗೆ ಬೆಂದದ್ದು, ಕೇಳಿದ ಮೇಲೆ ಮಾಡುವುದು

ಹೋಟೆಲಿನ ಅಡುಗೆಮನೆಯಲ್ಲಿ ಪದಾರ್ಥಗಳು ಎರಡು ಬಗೆ. ಸಾಂಬಾರು, ಪಲ್ಯ, ಕೂರ್ಮ, ಚಟ್ನಿ, ಹಿಟ್ಟು ಇವು ಬೆಳಿಗ್ಗೆ ಅಥವಾ ಹಿಂದಿನ ರಾತ್ರಿಯೇ ಸಿದ್ಧವಾದವು. ಅವುಗಳಿಂದ ಏನನ್ನೂ ಹೊರತೆಗೆಯಲು ಬರುವುದಿಲ್ಲ. ದೋಸೆ, ಉಪ್ಪಿಟ್ಟು, ಚಪಾತಿ, ಒಗ್ಗರಣೆ ಕೇಳಿದ ಮೇಲೆ ಆಗುವಂಥವು. ಗ್ರಾಹಕರ ಮಾತು ನಡೆಯುವುದು ಇವುಗಳಲ್ಲಿ. ಸಾಂಬಾರಿನೊಳಗಿನ ಬಟಾಟೆ ಹೋಳನ್ನು ಬದಿಗೆ ಸರಿಸಿ ಉಣ್ಣುವುದು ಕಂದಮೂಲ ತ್ಯಾಗವಲ್ಲ ಎಂದು ಎಲ್ಲರಿಗೂ ಗೊತ್ತು, ಆದರೂ ಹಸಿದಾಗ ಅದೇ ನಡೆಯುತ್ತದೆ. ಸಾಂಬಾರು ಬಿಟ್ಟು ತಿನ್ನಬಹುದಾದ್ದನ್ನು ಮೊದಲೇ ಆರಿಸಿಕೊಳ್ಳುವುದು ಸುಲಭದ ದಾರಿ.

ಆ ದೃಷ್ಟಿಯಲ್ಲಿ ಕರಾವಳಿಯ ನೀರುದೋಸೆಗೆ ಮೊದಲ ಸ್ಥಾನ. ಅಕ್ಕಿ ನೆನೆಸಿ ರುಬ್ಬಿ ನೀರಾಗಿ ಹುಯ್ಯುವ ದೋಸೆ, ಹುಳಿ ಬರಿಸುವುದಿಲ್ಲ, ಉದ್ದು ಇಲ್ಲ. ಮರ್ಯಾದೆ ಕಟ್ಟುನಿಟ್ಟಾಗಿ ನೋಡುವವರಿಗೆ ಇಡ್ಲಿ, ಉದ್ದಿನ ದೋಸೆಗಿಂತ ಇದು ಹತ್ತಿರ. ಹಿಟ್ಟು ಯಾವಾಗ ರುಬ್ಬಿದ್ದು ಎಂದು ಕೇಳಿದರೆ ಸಾಕು. ಜೊತೆಗೆ ತೆಂಗಿನತುರಿ ಬೆಲ್ಲ ಕಲಸಿದ ಕಾಯಿಬೆಲ್ಲ ಇದ್ದರೆ ಚಟ್ನಿಯ ಶುಂಠಿ, ಸಾಂಬಾರಿನ ಗೆಡ್ಡೆ ಎರಡರ ಪ್ರಶ್ನೆಯೂ ಇಲ್ಲ. ಶಾವಿಗೆ ಕಾಯಿಹಾಲು ಸಿಕ್ಕಿದರೆ ಅದೂ ಹೀಗೆಯೇ. ಬಾಳೆಹಣ್ಣಿನ ಬನ್ಸ್‌ನಲ್ಲಿ ಬೇಳೆ ಇರುವುದಿಲ್ಲ, ಆದರೆ ಹಿಟ್ಟನ್ನು ಸಾಮಾನ್ಯವಾಗಿ ರಾತ್ರಿಯೇ ಕಲಸಿಡುತ್ತಾರೆ.

ಮಸಾಲೆ ದೋಸೆ ಹುಟ್ಟಿದ್ದೇ ಉಡುಪಿಯಲ್ಲಿ ಎಂಬ ಮಾತಿದೆ. ರಥಬೀದಿ ಬಳಿಯ ಮಿತ್ರ ಸಮಾಜದಂಥ ಹಳೆಯ ಹೋಟೆಲುಗಳಿಗೆ ಜನ ಅದಕ್ಕಾಗಿಯೇ ಬರುತ್ತಾರೆ. ಮಕ್ಕಳು ಅದನ್ನೇ ಕೇಳುತ್ತಾರೆ. ಒಳಗಿನ ಪಲ್ಯ ಬಟಾಟೆಯದು. ಖಾಲಿ ದೋಸೆ ಎಂದರೆ ಮಕ್ಕಳ ಮುಖ ಸಪ್ಪಗಾಗುವುದು ಸಹಜ. ಬಾಳೆಕಾಯಿ ಪಲ್ಯ ಕರಾವಳಿಯ ಅಡುಗೆಯವರಿಗೆ ಗೊತ್ತಿರುವ ಪದಾರ್ಥ. ಹತ್ತು ಹನ್ನೆರಡು ಜನರ ತಂಡವಿದ್ದು ಹಿಂದಿನ ದಿನವೇ ಹೇಳಿದರೆ, ಮಾಲೀಕರೇ ನಿಂತು ನಡೆಸುವ ಹೋಟೆಲಿನಲ್ಲಿ ಅದನ್ನು ಕೇಳಿ ನೋಡಬಹುದು. ಜನ ತುಂಬಿದ ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಹೋಗಿ ಕೇಳಿದರೆ ಯಾರಿಂದಲೂ ಆಗದು.

ಮಾತೂ ಸ್ವಲ್ಪ ಹೊಂದಿಸಿಕೊಳ್ಳಬೇಕು. ಹುಬ್ಬಳ್ಳಿ ಬೆಳಗಾವಿಯವರ ಉಳ್ಳಾಗಡ್ಡಿ ಇಲ್ಲಿ ನೀರುಳ್ಳಿ, ಮೈಸೂರಿನವರ ಆಲೂಗಡ್ಡೆ ಇಲ್ಲಿ ಬಟಾಟೆ. "ಗಡ್ಡೆ ಬೇಡ" ಎಂದಷ್ಟೇ ಹೇಳಿದರೆ ಸುವರ್ಣಗೆಡ್ಡೆ ತಪ್ಪಬಹುದು, ಕ್ಯಾರೆಟ್, ಬೀಟ್‌ರೂಟ್, ಮೂಲಂಗಿ ಉಳಿಯುತ್ತವೆ. ಒಂದೊಂದರ ಹೆಸರನ್ನೂ ಹೇಳಬೇಕು. ಮುಂಬೈ, ಪುಣೆಯ ತಿಂಡಿಪಟ್ಟಿಗಳಲ್ಲಿ "ಜೈನ್" ಎಂದು ಅಚ್ಚು ಹಾಕಿರುತ್ತಾರೆ, ಒಂದು ಶಬ್ದದಲ್ಲಿ ಕೆಲಸವಾಗುತ್ತದೆ. ಇಲ್ಲಿ ಆ ಒಂದು ಶಬ್ದವನ್ನು ನೆಚ್ಚಿ ಕೂರುವಂತಿಲ್ಲ. ತೊಂಡೆಕಾಯಿ, ಅಲಸಂಡೆ, ಬೆಂಡೆ, ಹೀರೆ, ಪಡುವಲ, ಮಂಗಳೂರು ಸೌತೆ, ಎಳೆ ಹಲಸಿನ ಗುಜ್ಜೆ ಇವು ಕರಾವಳಿಯ ನಿತ್ಯದ ತರಕಾರಿಗಳು. ಏನು ಬೇಡ ಎನ್ನುವುದರ ಜೊತೆಗೆ ಇವುಗಳಲ್ಲಿ ಯಾವುದು ಇದೆ ಎಂದು ಕೇಳಿದರೆ ಅಡುಗೆಯವರಿಗೂ ದಾರಿ ಕಾಣುತ್ತದೆ.

ಸಂಜೆಯ ತೊಂದರೆ

ನಿಜವಾದ ಕಷ್ಟ ಪದಾರ್ಥದ್ದಲ್ಲ, ಹೊತ್ತಿನದು. ಸಣ್ಣ ಹೋಟೆಲುಗಳಲ್ಲಿ ಮಧ್ಯಾಹ್ನದ ಊಟ ಮೂರರ ಹೊತ್ತಿಗೆ ಮುಗಿಯುತ್ತದೆ, ರಾತ್ರಿಯ ಊಟ ಏಳರ ಮೇಲೆ. ನಡುವೆ ಕಾಫಿ ತಿಂಡಿ ಮಾತ್ರ. ಉಡುಪಿಯಲ್ಲಿ ನವೆಂಬರ್ ಕೊನೆಗೆ ಸೂರ್ಯ ಆರರ ಸುಮಾರಿಗೇ ಮುಳುಗುತ್ತಾನೆ, ಜುಲೈ ಮೊದಲಲ್ಲಿ ಏಳರವರೆಗೂ ಇರುತ್ತಾನೆ. ಅಂದರೆ ಯಾತ್ರೆಗೆ ಅನುಕೂಲವಾದ ಚಳಿಗಾಲದಲ್ಲೇ ರಾತ್ರಿ ಭೋಜನ ತ್ಯಾಗ ಪಾಲಿಸುವವರಿಗೆ ಸಮಯ ಅತಿ ಕಡಿಮೆ. ಮೂಡುಬಿದಿರೆಯಿಂದ ಕಾರ್ಕಳ ಮಾರ್ಗವಾಗಿ ಹಿಂತಿರುಗುವ ಬಸ್ಸು ಅರ್ಧ ಗಂಟೆ ತಡವಾದರೆ ಆ ದಿನದ ಊಟವೇ ಇಲ್ಲ.

ಬೆಳಿಗ್ಗೆ ತಿಂಡಿ ತಿಂದ ಹೋಟೆಲಿನಲ್ಲೇ "ಸಂಜೆ ಐದಕ್ಕೆ ಬರುತ್ತೇವೆ, ಚಪಾತಿ, ಗೆಡ್ಡೆ ಹಾಕದ ಪಲ್ಯ, ಆರು ಜನ" ಎಂದು ಹೇಳಿ ಮುಂಗಡ ಕೊಟ್ಟು ಹೋಗುವುದು ಒಳ್ಳೆಯದು. ಮುಂಗಡ ಕೊಡುವುದು ಮುಖ್ಯ. ಹೇಳಿ ಬಾರದೆ ಹೋದ ಗ್ರಾಹಕರಿಂದ ಸಣ್ಣ ಹೋಟೆಲಿಗೆ ಆಗುವ ನಷ್ಟ ಸಣ್ಣದಲ್ಲ, ಮುಂದೆ ಬರುವ ಇನ್ನೊಂದು ಕುಟುಂಬಕ್ಕೆ ಅವರು "ಆಗುವುದಿಲ್ಲ" ಎನ್ನುವುದು ಇಂಥ ಕಾರಣಕ್ಕೇ. ಸೋಸಿ ಕಾಯಿಸಿದ ನೀರನ್ನು ವಸತಿಗೃಹದಿಂದಲೇ ತುಂಬಿಕೊಳ್ಳುವುದು ಉತ್ತಮ.

ಅಂಗಡಿಗಳಲ್ಲಿ

ರಥಬೀದಿಯ ಸುತ್ತಲಿನ ಅಂಗಡಿಗಳಲ್ಲಿ ಹಪ್ಪಳ, ಸಂಡಿಗೆ, ಚಿಪ್ಸ್ ಕೊಳ್ಳದೆ ಊರಿಗೆ ಮರಳುವವರು ಕಡಿಮೆ. ಹಲಸಿನ ಹಪ್ಪಳಕ್ಕೂ ಬಟಾಟೆ ಹಪ್ಪಳಕ್ಕೂ ನೋಟದಲ್ಲಿ ವ್ಯತ್ಯಾಸ ಕಡಿಮೆ, ಕೇಳಬೇಕು. ಬಾಳೆಕಾಯಿ ಚಿಪ್ಸ್ ಕರಿದ ಎಣ್ಣೆಯಲ್ಲೇ ಬಟಾಟೆಯನ್ನೂ ಕರಿದರೇ ಎಂಬುದನ್ನು ಎದುರಿಗೇ ಕರಿಯುವ ಅಂಗಡಿಯವರು ನೇರವಾಗಿ ಹೇಳಬಲ್ಲರು. ಮುಚ್ಚಿದ ಪೊಟ್ಟಣ ಮಾರುವವರಿಗೆ ಅದು ಗೊತ್ತಿರುವುದಿಲ್ಲ. ಲೇಹ್ಯ, ಆಯುರ್ವೇದದ ಪಾನಕಗಳಲ್ಲಿ ಜೇನು ಸೇರಿರುವುದು ಸಾಮಾನ್ಯ. ಪುನರ್ಪುಳಿ ಶರಬತ್ತಿಗೆ ಹಣ್ಣಿನ ಸಿಪ್ಪೆ, ಸಕ್ಕರೆ ಸಾಕು.

ಮಕ್ಕಳ ಇನ್ನೊಂದು ಬೇಡಿಕೆ ಗಡ್‌ಬಡ್ ಐಸ್‌ಕ್ರೀಮ್. ಉಡುಪಿಯ ಡಯಾನಾ ಹೋಟೆಲಿನಲ್ಲಿ ಮೊದಲಾಯಿತೆಂದು ಹೇಳುವ ಇದರಲ್ಲಿ ಐಸ್‌ಕ್ರೀಮ್, ಹಣ್ಣು, ಒಣಹಣ್ಣುಗಳ ನಡುವೆ ಜೆಲ್ಲಿ ಇರುತ್ತದೆ. ಜೆಲ್ಲಿ ಕಡಲಪಾಚಿಯ ಅಗರ್‌ನಿಂದಲೂ ಆಗುತ್ತದೆ, ಪ್ರಾಣಿಗಳ ಮೂಳೆ ಚರ್ಮದಿಂದ ತೆಗೆದ ಜೆಲಾಟಿನ್‌ನಿಂದಲೂ ಆಗುತ್ತದೆ. ಯಾವ ಅಂಗಡಿಯಲ್ಲಾದರೂ ಜೆಲ್ಲಿ ಪೊಟ್ಟಣದ ಮೇಲಿನ ಹಸಿರು ಗುರುತು ನೋಡಿ ಅಥವಾ ಜೆಲ್ಲಿ ಬಿಟ್ಟು ಕೊಡಿ ಎಂದು ಕೇಳಿ. ಉಳಿದದ್ದನ್ನೂ ಮನೆಯ ನಿಯಮಕ್ಕೆ ತಕ್ಕಂತೆ ನೋಡಿಕೊಳ್ಳಬೇಕು.

ಬಟ್ಟೆ ಕೊಳ್ಳುವವರಿಗೆ ಉಡುಪಿ ಸೀರೆ ಇದೆ. ಭೌಗೋಳಿಕ ಸೂಚಕ ಮಾನ್ಯತೆಯ ಕೈಮಗ್ಗದ ಹತ್ತಿ ಸೀರೆ, ರೇಷ್ಮೆ ಬಿಟ್ಟ ಶ್ರಾವಿಕೆಯರಿಗೆ ಬಸದಿಗೆ ಉಡಲು ಇದಕ್ಕಿಂತ ಸಲ್ಲುವುದು ವಿರಳ. ಈ ನೇಕಾರಿಕೆಗೂ ಊರಿನ ಬ್ಯಾಂಕಿಗೂ ಹಳೆಯ ನಂಟು. ಕೈಮಗ್ಗ ಕಷ್ಟಕ್ಕೆ ಸಿಕ್ಕಿದ್ದಾಗ ನೇಕಾರರಿಗೆ ನೆರವಾಗಲೆಂದು 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಂಸ್ಥೆಯೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು. 1928ರಲ್ಲಿ ಅದು ತಂದ ಪಿಗ್ಮಿ ಠೇವಣಿಯಲ್ಲಿ ದಿನಕ್ಕೆ ಎರಡಾಣೆಯಷ್ಟನ್ನೂ ಏಜೆಂಟರು ಅಂಗಡಿ ಬಾಗಿಲಿಗೇ ಬಂದು ಕಟ್ಟಿಸಿಕೊಳ್ಳುತ್ತಿದ್ದರು. ಈ ಊರಿನಲ್ಲಿ ಸಣ್ಣ ಹೋಟೆಲು, ಸಣ್ಣ ಅಂಗಡಿ ನೆಲೆ ನಿಂತದ್ದರ ಹಿಂದೆ ರುಚಿಯಷ್ಟೇ ಅಲ್ಲ, ಈ ಎರಡಾಣೆಯ ಲೆಕ್ಕವೂ ಇದೆ. ಮದರಾಸಿನಲ್ಲಿ ವುಡ್‌ಲ್ಯಾಂಡ್ಸ್ ಕಟ್ಟಿದ ಕೆ. ಕೃಷ್ಣರಾಯರು ಮೂಡುಬಿದಿರೆ ಬಳಿಯ ಕಡಂದಲೆಯವರು ಎಂಬುದನ್ನು ಬಸದಿ ನೋಡಿ ಬರುವ ದಾರಿಯಲ್ಲಿ ನೆನೆಯಬಹುದು.

ಸಣ್ಣ ಹೋಟೆಲೇ ಏಕೆ

ಹೊರಗಿನಿಂದ ಬಂದ ಕುಟುಂಬಗಳು ಪರಿಚಿತ ಹೆಸರಿನ ದೊಡ್ಡ ಸರಣಿ ಹೋಟೆಲನ್ನು ಹುಡುಕುವುದುಂಟು. ಸ್ವಚ್ಛತೆಯ ಭರವಸೆ ಅಲ್ಲಿ ಹೆಚ್ಚು ಎಂಬ ಲೆಕ್ಕ. ಆದರೆ ಮಸಾಲೆ, ಗ್ರೇವಿ, ಹಿಟ್ಟು ಬೇರೆಡೆ ತಯಾರಾಗಿ ಬರುವ ಕಡೆ ಬಡಿಸುವವರಿಗೆ ಅದರೊಳಗೇನಿದೆ ಎಂದು ತಿಳಿದಿರುವುದಿಲ್ಲ, ತಿಳಿದರೂ ಬದಲಿಸುವ ಅಧಿಕಾರವಿಲ್ಲ. ಬೆಳಿಗ್ಗೆ ತಾವೇ ತರಕಾರಿ ತಂದು, ಗಲ್ಲಾಪೆಟ್ಟಿಗೆಯಲ್ಲಿ ತಾವೇ ಕುಳಿತ ಮಾಲೀಕರು "ಇವತ್ತಿನ ಸಾಂಬಾರಿನಲ್ಲಿ ಬಟಾಟೆ ಇದೆ, ಸಾರು ಕೊಡುತ್ತೇನೆ" ಎನ್ನಬಲ್ಲರು. ನಿಯಮ ಪಾಲಿಸುವವರಿಗೆ ಬೇಕಾದದ್ದು ಈ ಒಂದು ಉತ್ತರ. "ಶುದ್ಧ ಸಸ್ಯಾಹಾರಿ" ಫಲಕವಿದೆಯೇ ಎಂದು ಮಾತ್ರ ಮೊದಲು ನೋಡಬೇಕು. ಮಲ್ಪೆ ಬಂದರು ಹತ್ತಿರವಿರುವ ಊರಿದು, ಮೀನೂಟದ ಹೋಟೆಲುಗಳೂ ಬೇಕಾದಷ್ಟಿವೆ.

ಎರಡು ವರ್ಷಕ್ಕೊಮ್ಮೆ, ಸಮಸಂಖ್ಯೆಯ ವರ್ಷದ ಜನವರಿ 18ರಂದು ಪರ್ಯಾಯ ನಡೆಯುತ್ತದೆ. ಆ ದಿನಗಳಲ್ಲಿ ಊರೆಲ್ಲ ಜನ, ಯಾವ ಹೋಟೆಲಿನಲ್ಲೂ ವಿಶೇಷ ಅಡುಗೆಗೆ ಬಿಡುವಿರುವುದಿಲ್ಲ. ಆಗ ಯಾತ್ರೆ ಇಟ್ಟುಕೊಂಡವರು ಮೂಡುಬಿದಿರೆ ಅಥವಾ ಕಾರ್ಕಳದ ಜೈನ ಮಠದಲ್ಲಿ ವಸತಿ, ಊಟದ ವ್ಯವಸ್ಥೆಯನ್ನು ಮುಂಚಿತವಾಗಿ ವಿಚಾರಿಸಿ, ಉಡುಪಿಯನ್ನು ಹಗಲಿನ ಭೇಟಿಗೆ ಮಾತ್ರ ಇಟ್ಟುಕೊಳ್ಳುವುದು ಅನುಕೂಲ.