ಸದ್ದು ಕೇಳಿ ಕಸ ಗುರುತಿಸುವವರು

ಹಾಲಿನ ಖಾಲಿ ಪ್ಯಾಕೆಟ್ಟನ್ನು ಮುಷ್ಟಿಯಲ್ಲಿ ಹಿಂಡಿದರೆ ಹೆಚ್ಚು ಸದ್ದು ಬರುವುದಿಲ್ಲ, ಎಳೆದರೆ ಹಿಗ್ಗುತ್ತದೆ. ಹೊಸ ಅಂಗಿಯ ಮೇಲಿನ ಪಾರದರ್ಶಕ ಕವರ್ ಹಿಂಡಿದರೆ ಚರಚರ ಎನ್ನುತ್ತದೆ. ಒಣ ಕಸ ಸಂಗ್ರಹಣಾ ಕೇಂದ್ರದಲ್ಲಿ ವಿಂಗಡಣೆಗೆ ಕೂತವರಿಗೆ ಅಷ್ಟೇ ಸಾಕು. ಮೊದಲನೆಯದು ಎಲ್‌ಡಿ ಎಂಬ ಬಗೆಯ ಪ್ಲಾಸ್ಟಿಕ್ಕಿನ ಚೀಲಕ್ಕೆ, ಎರಡನೆಯದು ಪಿಪಿ ಎಂಬ ಬಗೆಯದರ ಚೀಲಕ್ಕೆ ಬೀಳುತ್ತದೆ.

ಬಾಟಲಿಯಾದರೆ ತಿರುಗಿಸಿ ತಳ ನೋಡುತ್ತಾರೆ. ನಡುವೆ ಚುಕ್ಕೆಯಂಥ ಗುರುತಿದ್ದರೆ ಅದು ಸಾಮಾನ್ಯವಾಗಿ ಪೆಟ್, ಅಂದರೆ ನೀರಿನ, ತಂಪು ಪಾನೀಯದ ಬಾಟಲಿ. ಅಡ್ಡ ಗೆರೆಯಿದ್ದರೆ ಶಾಂಪೂ, ಫಿನೈಲ್ ತುಂಬಿ ಬರುವ ಎಚ್‌ಡಿ ಪ್ಲಾಸ್ಟಿಕ್. ಅಚ್ಚಿನಲ್ಲಿ ಊದಿ ತಯಾರಿಸುವ ರೀತಿ ಬೇರೆಬೇರೆ ಆದ್ದರಿಂದ ಗುರುತೂ ಬೇರೆ. ಪೆಟ್ ಬಾಟಲಿಗೂ ಅದರ ಮುಚ್ಚಳಕ್ಕೂ ಪ್ಲಾಸ್ಟಿಕ್ ಒಂದೇ ಅಲ್ಲ. ಪುಡಿ ಮಾಡಿ ನೀರಿಗೆ ಹಾಕಿದರೆ ಬಾಟಲಿಯ ಚೂರು ಮುಳುಗುತ್ತದೆ, ಮುಚ್ಚಳದ ಚೂರು ತೇಲುತ್ತದೆ. ಮರುಬಳಕೆಯ ಘಟಕಗಳು ಎರಡನ್ನೂ ಬೇರ್ಪಡಿಸುವುದು ಹೀಗೆಯೇ. ಪುಸ್ತಕದಲ್ಲಿ ಇದನ್ನು ಸಾಂದ್ರತೆ ಎನ್ನುತ್ತಾರೆ. ಬೀದಿಯಲ್ಲಿ ಕಸ ಆಯುತ್ತ ಬೆಳೆದವರಲ್ಲಿ ಎಷ್ಟೋ ಜನ ಆ ಪಾಠ ಓದದೆಯೇ ಅದರ ಫಲವನ್ನು ಕೈಯಲ್ಲಿ ಕಲಿತಿದ್ದಾರೆ. ನಮ್ಮ ಊರುಗಳು ಈ ವಿದ್ಯೆಗೆ ತಕ್ಕ ಕೂಲಿಯನ್ನೂ ಮರ್ಯಾದೆಯನ್ನೂ ಇನ್ನೂ ಕೊಟ್ಟಿಲ್ಲ.

ಕೊಡುವತ್ತ ಒಂದು ಹೆಜ್ಜೆ ಬೆಂಗಳೂರಿನಲ್ಲಿ ಆಯಿತು. 2011ರಲ್ಲಿ ಲೋಕ ಅದಾಲತ್ ಸೂಚನೆಯ ಮೇರೆಗೆ ಮಹಾನಗರ ಪಾಲಿಕೆ ಕಸ ಆಯುವವರನ್ನು ನೋಂದಾಯಿಸಿ ಗುರುತಿನ ಚೀಟಿ ಕೊಡಲು ಒಪ್ಪಿತು. ಮುಂದೆ ವಾರ್ಡಿಗೊಂದು ಒಣ ಕಸ ಕೇಂದ್ರದ ಯೋಜನೆ ಬಂತು. ಬೆಂಗಳೂರಿನ ಕಸ ಸುರಿಯುತ್ತಿದ್ದ ಮಂಡೂರಿನ ಜನ ಕಸದ ಗುಡ್ಡದ ವಿರುದ್ಧ ಎದ್ದು ನಿಂತ ಮೇಲೆ 2014ರ ಕೊನೆಗೆ ಅಲ್ಲಿಗೆ ಲಾರಿ ಹೋಗುವುದು ನಿಂತಿತು. ಮರುವರ್ಷ ಡಿಸೆಂಬರಿನಲ್ಲಿ ಹೈಕೋರ್ಟು ಮನೆಯಲ್ಲೇ ಹಸಿ, ಒಣ, ಸ್ಯಾನಿಟರಿ ಕಸ ಬೇರ್ಪಡಿಸಬೇಕೆಂದು ಹೇಳಿತು. ಅದೇ ತಿಂಗಳು ಜಯನಗರದ ಕೇಂದ್ರ ನಡೆಸುತ್ತಿದ್ದ, ಹಿಂದೆ ಕಸ ಆಯುತ್ತಿದ್ದ ಮನ್ಸೂರ್ ಅವರು ಹಸಿರು ದಳ ಸಂಸ್ಥೆಯ ಪರವಾಗಿ ಪ್ಯಾರಿಸ್‌ನ ಹವಾಮಾನ ಸಮ್ಮೇಳನಕ್ಕೆ ಹೋದರು. ವಾರ್ಡಿನ ಶೆಡ್ಡಿನಲ್ಲಿ ಕಲಿತದ್ದನ್ನು ಜಗತ್ತಿನ ಪ್ರತಿನಿಧಿಗಳು ಸೇರಿದಲ್ಲಿಗೆ ಒಯ್ಯುವ ಅರ್ಹತೆ ಅವರದಾಗಿತ್ತು.

ಕೇಂದ್ರಕ್ಕೆ ಕಸ ಕೊಡುವ ಕ್ರಮ ಸರಳ. ಹಾಲಿನ ಪ್ಯಾಕೆಟ್ಟಿನ ಮೂಲೆಯನ್ನು ಪೂರ್ತಿ ಕತ್ತರಿಸಿ ಬಿಸಾಡಬಾರದು. ಆ ಚೂರು ಯಾರ ಕೈಗೂ ಸಿಗದೆ ಚರಂಡಿ ಸೇರುತ್ತದೆ. ಅಂಟಿಕೊಂಡೇ ಇರುವಂತೆ ಸೀಳಿದರೆ ಸಾಕು. ಪ್ಯಾಕೆಟ್ ತೊಳೆದು ಒಣಗಿಸಬೇಕು. ರದ್ದಿಗೆ ನೀರು, ಎಣ್ಣೆ ತಾಗಬಾರದು. ಮಿರ್ಚಿ ಕಟ್ಟಿಕೊಟ್ಟ ಎಣ್ಣೆಯ ಪೇಪರಿಗೆ ಬೆಲೆಯಿಲ್ಲ. ಸ್ಯಾನಿಟರಿ ಪ್ಯಾಡನ್ನು ಪೇಪರಿನಲ್ಲಿ ಸುತ್ತಿ ಕೆಂಪು ಚುಕ್ಕೆ ಇಟ್ಟು ಬೇರೆಯಾಗಿ ಕೊಡಬೇಕು. ವಿಂಗಡಿಸುವವರು ಅದನ್ನು ಬರಿಗೈಯಲ್ಲಿ ಬಿಚ್ಚುವಂತಾಗಬಾರದು. ಒಡೆದ ಗಾಜು, ಬಲ್ಬು, ಬ್ಯಾಟರಿಯೂ ಬೇರೆ.

ಗುಟ್ಕಾ ಚೀಟಿ, ಚಿಪ್ಸ್ ಪೊಟ್ಟಣ, ಶಾಂಪೂ ಸ್ಯಾಶೆಗಳಲ್ಲಿ ಬೇರೆ ಬೇರೆ ಪದರಗಳು ಅಂಟಿಕೊಂಡಿರುವುದರಿಂದ ಗುಜರಿಯವರು ಮುಟ್ಟುವುದಿಲ್ಲ. ಹೆಚ್ಚೆಂದರೆ ಸಿಮೆಂಟ್ ಕಾರ್ಖಾನೆಯ ಕುಲುಮೆಗೆ ಉರುವಲಾಗಿ ಹೋಗುತ್ತವೆ, ಸಾಗಿಸುವ ಖರ್ಚು ಮಾತ್ರ ಉಳಿಯುತ್ತದೆ.

ಗದಗ-ಬೆಟಗೇರಿಗೆ ಈ ಕಸದ ಪ್ರಶ್ನೆ ದೂರದ ಕತೆಯಲ್ಲ. 2011ರ ಜನಗಣತಿಯಲ್ಲೇ ಅವಳಿ ನಗರದ ಜನಸಂಖ್ಯೆ 1.72 ಲಕ್ಷ ದಾಟಿತ್ತು. 2023ರ ಮೇ ತಿಂಗಳಿನಲ್ಲಿ ಕೇಂದ್ರ ಸರ್ಕಾರದ ಅಭಿಯಾನವೊಂದರಡಿ ದೇಶದ ನಗರ ಸ್ಥಳೀಯ ಸಂಸ್ಥೆಗಳು ಹಳೆ ಬಟ್ಟೆ, ಪುಸ್ತಕ, ಆಟಿಕೆ, ಪ್ಲಾಸ್ಟಿಕ್ ತಂದುಕೊಡುವ ಕೇಂದ್ರಗಳನ್ನು ತೆರೆದವು. ಆ ಅಭಿಯಾನ ಮೂರು ವಾರಗಳದ್ದು. ಮನೆಯಲ್ಲಿ ಕಸ ಹುಟ್ಟುವುದಕ್ಕೆ ಅಂಥ ಗಡುವಿಲ್ಲ. ವರ್ಷವಿಡೀ ತೆರೆದಿರುವ ಬಾಗಿಲು ಬೇಕು. ಹಳ್ಳಿಗಳ ಮಟ್ಟದಲ್ಲಿ ಕರ್ನಾಟಕ ಇದನ್ನು ಬೇಗ ಅರಿತಿದೆ. ಗ್ರಾಮ ಪಂಚಾಯಿತಿಗಳ ಕಸ ವಿಂಗಡಣೆಯ ಸ್ವಚ್ಛ ಸಂಕೀರ್ಣಗಳನ್ನು ಸ್ವಸಹಾಯ ಸಂಘಗಳ ಸಂಜೀವಿನಿ ಒಕ್ಕೂಟದ ಮಹಿಳೆಯರ ಕೈಗೆ ಒಪ್ಪಿಸಲಾಗುತ್ತಿದೆ. ಸ್ತ್ರೀಯರೇ ಡ್ರೈವಿಂಗ್ ಕಲಿತು ಕಸ ಸಾಗಿಸುವ ಸ್ವಚ್ಛ ವಾಹಿನಿ ಓಡಿಸುತ್ತಿದ್ದಾರೆ. ಕಾರ್ಕಳ ತಾಲ್ಲೂಕಿನ ನಿಟ್ಟೆಯಲ್ಲಿ ಹಲವು ಪಂಚಾಯಿತಿಗಳ ಒಣ ಕಸಕ್ಕೆಂದೇ ದಿನಕ್ಕೆ 10 ಟನ್ ಸಾಮರ್ಥ್ಯದ ಘಟಕವಿದೆ. ಲಕ್ಷ್ಮೇಶ್ವರ, ಮುಂಡರಗಿಯ ಪುರಸಭೆಗಳೂ ಶಿರಹಟ್ಟಿಯ ಪಟ್ಟಣ ಪಂಚಾಯಿತಿಯೂ ಸುತ್ತಲಿನ ಹಳ್ಳಿಗಳೊಡನೆ ಕೂಡಿ ಅಂಥದ್ದೊಂದನ್ನು ಕಟ್ಟಿಕೊಳ್ಳಲು ಅಡ್ಡಿಯೇನೂ ಕಾಣದು. ಗದಗ ಮುದ್ರಣಕ್ಕೆ ಹೆಸರಾದ ಊರು. ಪ್ರೆಸ್ಸುಗಳಲ್ಲಿ ಕತ್ತರಿಸಿ ಉಳಿಯುವ ಮಸಿ ತಾಗದ ಬಿಳಿ ಅಂಚಿಗೆ ಬೆರಕೆ ರದ್ದಿಗಿಂತ ಹೆಚ್ಚು ಬೆಲೆ. ಬೇರೆಯಾಗಿ ಎತ್ತಿಟ್ಟರೆ ಕೇಂದ್ರಕ್ಕೆ ಅದೊಂದು ಗಟ್ಟಿ ಆದಾಯ.

ಆದಾಯದ ಮಾತು ಬಂದಾಗಲೇ ಕಷ್ಟ ಶುರು. ಕಚ್ಚಾ ತೈಲ ಅಗ್ಗವಾದರೆ ಹೊಸ ಪ್ಲಾಸ್ಟಿಕ್ಕೂ ಅಗ್ಗವಾಗಿ ಹಳೆಯದರ ದರ ಬೀಳುತ್ತದೆ. 2021ರ ಅಕ್ಟೋಬರಿನಲ್ಲಿ ಪ್ಲಾಸ್ಟಿಕ್ ಗುಜರಿಯ ಮೇಲಿನ ಜಿಎಸ್‌ಟಿ ಶೇ 5ರಿಂದ ಶೇ 18ಕ್ಕೆ ಏರಿತು. ದರ ಇಳಿದ ದಿನವೂ ವಿಂಗಡಿಸುವವರ ಮನೆಯ ಒಲೆ ಉರಿಯಬೇಕು. ಅವರು ಉಳಿಸುವುದು ಊರಿನ ಖರ್ಚನ್ನು, ಊರಿನ ನೆಲವನ್ನು. ಹೀಗಿರುವಾಗ ಅವರ ಕೂಲಿಯನ್ನು ಗುಜರಿ ದರಕ್ಕೆ ಬಿಡುವುದು ನ್ಯಾಯವಲ್ಲ.

ಇದಕ್ಕೊಂದು ದಾರಿ ಸಹಕಾರ. ಪುಣೆಯಲ್ಲಿ ಕಸ ಆಯುವವರೇ ಸದಸ್ಯರಾದ ಸ್ವಚ್ಛ್ ಸಹಕಾರ ಸಂಘ 2008ರಲ್ಲಿ ಪಾಲಿಕೆಯೊಡನೆ ಒಪ್ಪಂದ ಮಾಡಿಕೊಂಡು ಮನೆಮನೆಯಿಂದ ಕಸ ಒಯ್ಯತೊಡಗಿತು. ಸಹಕಾರ ಗದಗಕ್ಕೆ ಹೊಸದಲ್ಲ. ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಸಹಕಾರ ಸಂಘ ಕಟ್ಟಿದ್ದು 1905ರಲ್ಲಿ, ಪುಣೆಯ ಒಪ್ಪಂದಕ್ಕೆ ನೂರಮೂರು ವರ್ಷ ಮೊದಲು. ಆಗ ಸಾಲಗಾರ ರೈತರು ಸದಸ್ಯರಾದರು. ಚೀಲ ಹೊತ್ತು ಬೆಳಗಿನ ಜಾವ ಬಸ್ ನಿಲ್ದಾಣದ ಬಾಟಲಿ ಆಯುವವರನ್ನು ಅಂಥದೊಂದು ಸದಸ್ಯರ ಪಟ್ಟಿಗೆ ಸೇರಿಸಿಕೊಳ್ಳುವ ಕೆಲಸ ಈ ಜಿಲ್ಲೆಗೆ ಒಪ್ಪುತ್ತದೆ.